ದೋಷಯುಕ್ತ ಕಂಪೈಲರ್‌ಗಳಿಂದ ರೂಪುಗೊಂಡ ಕರ್ನೆಲ್‌ಗಳ ಪತ್ತೆ: ಒಂದು ವಿಮರ್ಶಾತ್ಮಕ ಪರಿಶೀಲನೆ

ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್ ಬಹುಮಟ್ಟಿಗೆ 'ಸಿ' ಭಾಷೆಯಲ್ಲಿ ಬರೆಯಲ್ಪಡುತ್ತದೆ. ಆದರೆ ಗಣಕದ ಪ್ರೊಸೆಸರ್ ಆ ಬರಹವನ್ನು ಎಂದೂ ಓದುವುದಿಲ್ಲ. ಅದು ಓದುವುದು ಕಂಪೈಲರ್ ಸಿದ್ಧಪಡಿಸಿಕೊಟ್ಟ ಯಂತ್ರಸಂಕೇತವನ್ನು. ಬರೆದವನ ಆಶಯಕ್ಕೂ ನಡೆಯುವ ಕಾರ್ಯಕ್ಕೂ ನಡುವೆ ನಿಂತಿರುವ ಈ ಮಧ್ಯವರ್ತಿ ಪ್ರಾಮಾಣಿಕನೂ ಸಮರ್ಥನೂ ಆಗಿರುವನೆಂಬ ನಂಬಿಕೆಯ ಮೇಲೆ ಇಡೀ ಕಟ್ಟಡ ನಿಂತಿದೆ. ಸಾಮಾನ್ಯ ತಂತ್ರಾಂಶವೊಂದರಲ್ಲಿ ಕಂಪೈಲರ್ ತಪ್ಪೆಸಗಿದರೆ ಆ ತಂತ್ರಾಂಶ ಕುಸಿಯುತ್ತದೆ, ಕರ್ನೆಲ್ ಅದನ್ನು ಮುಚ್ಚಿ ಮುಂದುವರಿಯುತ್ತದೆ. ಕರ್ನೆಲ್‌ನೊಳಗೇ ಅಂತಹ ತಪ್ಪು ಸೇರಿಕೊಂಡರೆ ಅದನ್ನು ತಡೆಯಬಲ್ಲ ಇನ್ನೊಂದು ಪದರ ಸಾಮಾನ್ಯವಾಗಿ ಕೆಳಗಿರುವುದಿಲ್ಲ. ಹೀಗಿರುವಾಗ, ಓಡುತ್ತಿರುವ ಒಂದು ಕರ್ನೆಲ್ ಅನ್ನೋ ಡಿಸ್ಕಿನಲ್ಲಿರುವ ಅದರ ಪ್ರತಿಯನ್ನೋ ಮುಂದಿಟ್ಟುಕೊಂಡು, ಅದು ದೋಷವುಳ್ಳ ಕಂಪೈಲರ್‌ನಿಂದ ಹುಟ್ಟಿದ್ದೇ ಎಂದು ನಿರ್ಣಯಿಸುವುದು ಎಷ್ಟರಮಟ್ಟಿಗೆ ಸಾಧ್ಯ? ಲಿನಕ್ಸ್ ಕರ್ನೆಲ್ ಮತ್ತು ಜಿಸಿಸಿ ಕಂಪೈಲರ್‌ಗಳ ಸಂಬಂಧವು ಈ ಪ್ರಶ್ನೆಗೆ ಅತ್ಯಂತ ಸಮೃದ್ಧವಾದ ಆಕರವಾಗಿದೆ. ಎರಡರ ಮೂಲಸಂಕೇತವೂ ಬಹಿರಂಗವಾಗಿದೆ. ಅವುಗಳ ನಡುವಿನ ಜಗಳಗಳೂ ಅಷ್ಟೇ ಬಹಿರಂಗವಾಗಿವೆ.

ಹಸ್ತಪ್ರತಿಗಳೊಡನೆ ವ್ಯವಹರಿಸುವವರಿಗೆ ಈ ಸಮಸ್ಯೆ ಅಪರಿಚಿತವಲ್ಲ. ಕವಿ ಬರೆದದ್ದು ಒಂದು, ಲಿಪಿಕಾರ ಪ್ರತಿಮಾಡಿದ್ದು ಇನ್ನೊಂದು. ಓಲೆಯ ಕೊನೆಯಲ್ಲಿ ಲಿಪಿಕಾರ ತನ್ನ ಹೆಸರು, ಕಾಲ, ಸ್ಥಳಗಳನ್ನು ಪುಷ್ಪಿಕೆಯಲ್ಲಿ ಹೇಳಿಕೊಂಡಿರಬಹುದು. ಆದರೆ ಪ್ರತಿಯೊಳಗಿನ ಸ್ಖಾಲಿತ್ಯಗಳನ್ನು ಪುಷ್ಪಿಕೆ ಹೇಳುವುದಿಲ್ಲ. ಲಿನಕ್ಸ್ ಕರ್ನೆಲ್‌ನಲ್ಲೂ ಅಂತಹದೊಂದು ಪುಷ್ಪಿಕೆ ಇದೆ. 'ಪ್ರಾಕ್' ಕಡತವ್ಯವಸ್ಥೆಯಲ್ಲಿರುವ 'ವರ್ಷನ್' ಎಂಬ ಕಡತವನ್ನು ತೆರೆದರೆ ಕರ್ನೆಲ್‌ನ ಆವೃತ್ತಿ, ಅದನ್ನು ಕಟ್ಟಿದ ಬಳಕೆದಾರನ ಹಾಗೂ ಯಂತ್ರದ ಹೆಸರು, ಕಂಪೈಲರ್‌ನ ಆವೃತ್ತಿ, ಕಟ್ಟಿದ ದಿನಾಂಕ ಇವಿಷ್ಟೂ ಒಂದೇ ಸಾಲಿನಲ್ಲಿ ದೊರೆಯುತ್ತವೆ. ಯಂತ್ರ ಓಡದಿದ್ದರೂ ಸಂಕುಚಿತ ಪ್ರತಿಯನ್ನು ಬಿಡಿಸಿ ಆ ಸಾಲನ್ನು ಹುಡುಕಿ ತೆಗೆಯಬಹುದು. ಪತ್ತೆಯ ಕಾರ್ಯ ಸಾಮಾನ್ಯವಾಗಿ ಇಲ್ಲಿಂದ ಆರಂಭವಾಗುತ್ತದೆ. ಬಹಳಷ್ಟು ಸಂದರ್ಭಗಳಲ್ಲಿ ಇಲ್ಲಿಯೇ ನಿಂತುಬಿಡುತ್ತದೆ ಎಂಬುದು ವಿಷಾದದ ಸಂಗತಿ.

ಕರ್ನೆಲ್ ಕರ್ತೃಗಳು ಮೊದಲು ಕೈಗೊಂಡ ಕ್ರಮ ಪತ್ತೆಯಲ್ಲ, ನಿರಾಕರಣೆ. 2.4 ಸರಣಿಯ ಕರ್ನೆಲ್‌ನ ಆರಂಭಿಕ ಕಡತದಲ್ಲಿ ಜಿಸಿಸಿ 2.91ಕ್ಕಿಂತ ಹಳೆಯ ಕಂಪೈಲರ್‌ಗಳನ್ನು ತಡೆಯುವ ಒಂದು ಷರತ್ತು ಇತ್ತು. ಕಂಪೈಲರ್ ತೀರ ಹಳೆಯದು, ಅದು ತಪ್ಪು ಕರ್ನೆಲ್‌ಗಳನ್ನು ಕಟ್ಟುತ್ತದೆ ಎಂಬ ಕ್ಷಮಾಯಾಚನೆಯ ಧಾಟಿಯ ಸಂದೇಶದೊಡನೆ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಷರತ್ತಿನ ಮೇಲಿದ್ದ ಟಿಪ್ಪಣಿ ಇನ್ನೂ ಗಮನಾರ್ಹವಾದುದು. ಹಳೆಯ ಕಂಪೈಲರ್‌ಗಳಿಂದ ಕರ್ನೆಲ್ ಯಾವ ತಕರಾರೂ ಇಲ್ಲದೆ ಸಿದ್ಧವಾಗಬಹುದು, ಆದರೆ ಓಡುವಾಗ ಸೂಕ್ಷ್ಮ ದೋಷಗಳು ತಲೆದೋರುತ್ತವೆ, ಅದರಿಂದ ಬರುವ ಹುರುಳಿಲ್ಲದ ದೂರುಗಳನ್ನು ತಪ್ಪಿಸಲು ಮೊದಲೇ ನಿರಾಕರಿಸಲಾಗಿದೆ ಎಂಬುದು ಅದರ ತಾತ್ಪರ್ಯ. ಇದು ಪ್ರಾಮಾಣಿಕವಾದ ಮಾತು. ಆದರೆ ಈ ತಡೆಯ ಉದ್ದೇಶ ನಿರ್ವಾಹಕರ ಸಮಯವನ್ನು ಕಾಪಾಡುವುದು. ಆಗಲೇ ಕಟ್ಟಲ್ಪಟ್ಟು ಯಾರದೋ ಯಂತ್ರದಲ್ಲಿ ಓಡುತ್ತಿರುವ ಕರ್ನೆಲ್‌ನ ಬಗೆಗೆ ಅದು ಏನನ್ನೂ ಹೇಳುವುದಿಲ್ಲ.

ಆವೃತ್ತಿಸಂಖ್ಯೆಯನ್ನು ನಂಬುವ ಈ ವಿಧಾನದ ಇತಿಮಿತಿ ಬೇಗನೆ ಬಯಲಾಯಿತು. 2000ರಲ್ಲಿ ಹೊರಬಂದ ರೆಡ್ ಹ್ಯಾಟ್ ಲಿನಕ್ಸ್ 7.0 ತನ್ನೊಡನೆ 2.96 ಎಂಬ ಸಂಖ್ಯೆಯ ಜಿಸಿಸಿಯನ್ನು ತಂದಿತು. ಜಿಸಿಸಿ ಯೋಜನೆ ಅಂತಹ ಆವೃತ್ತಿಯನ್ನು ಅಧಿಕೃತವಾಗಿ ಎಂದೂ ಬಿಡುಗಡೆ ಮಾಡಿರಲಿಲ್ಲ, ಅದು ಬೆಳವಣಿಗೆಯ ಹಂತದ ಪ್ರತಿಯಿಂದ ತೆಗೆದದ್ದಾಗಿತ್ತು. ಕರ್ನೆಲ್ ಕಟ್ಟಲೆಂದೇ ಹಳೆಯ ಕಂಪೈಲರೊಂದನ್ನು 'ಕೆಜಿಸಿಸಿ' ಎಂಬ ಹೆಸರಿನಲ್ಲಿ ಜೊತೆಗಿಡಬೇಕಾಯಿತು. ಮುಂದೆ 2.4 ಕರ್ನೆಲ್‌ನ ದಸ್ತಾವೇಜು ಈ ಕಂಪೈಲರ್ ಕುರಿತು ವಿಶಿಷ್ಟವಾದ ಎಚ್ಚರಿಕೆಯನ್ನು ಕೊಟ್ಟಿತು: 2.96-54 ಕರ್ನೆಲ್ ಅನ್ನು ಸರಿಯಾಗಿ ಕಟ್ಟುವುದಿಲ್ಲ, 2.96-74 ಅಥವಾ ಅದಕ್ಕೂ ಹೊಸದು ಆಗಬಹುದು. ಇಲ್ಲಿ ಅಡ್ಡಗೆರೆಯ ನಂತರದ ಅಂಕಿಯೇ ನಿರ್ಣಾಯಕ. ಆದರೆ ಮೇಲೆ ಹೇಳಿದ ಷರತ್ತಿಗೆ ಕಾಣಿಸುವುದು 2 ಮತ್ತು 96 ಮಾತ್ರ. 96 ಎಂಬುದು 91ಕ್ಕಿಂತ ದೊಡ್ಡದಾದ್ದರಿಂದ ಕೆಟ್ಟದ್ದೂ ಒಳ್ಳೆಯದೂ ಸಮಾನವಾಗಿ ಒಳನುಗ್ಗುತ್ತಿದ್ದವು. ಈ ಪ್ರಸಂಗದಲ್ಲಿ ಪುಷ್ಪಿಕೆಯೇ ಷರತ್ತಿಗಿಂತ ಹೆಚ್ಚು ತಿಳಿವಳಿಕೆಯುಳ್ಳದ್ದಾಗಿತ್ತು. ಕಂಪೈಲರ್ ತನ್ನ ಬಗ್ಗೆ ಹೇಳಿಕೊಳ್ಳುವ ಪೂರ್ಣ ವಾಕ್ಯ ಅದರಲ್ಲಿ ದಾಖಲಾಗುತ್ತಿದ್ದುದರಿಂದ, ಕಟ್ಟುವಾಗ ತಪ್ಪಿಸಿಕೊಂಡದ್ದನ್ನು ಕಟ್ಟಿದ ಮೇಲೆ ಓದಿ ಹಿಡಿಯುವುದು ಸಾಧ್ಯವಿತ್ತು.

ಎಆರ್‌ಎಂ ಪ್ರೊಸೆಸರ್‌ಗಳ ವಿಭಾಗದಲ್ಲಿ ಈ ನಿರಾಕರಣೆ ಒಂದು ಕಪ್ಪುಪಟ್ಟಿಯ ರೂಪ ತಾಳಿತು. ಕರ್ನೆಲ್‌ನ ಆ ಭಾಗದ ಒಂದು ಪುಟ್ಟ ಕಡತದಲ್ಲಿ ಜಿಸಿಸಿ 3.0 ಹಾಗೂ 3.1 ಒಟ್ಟಾರೆಯಾಗಿ ಕೆಟ್ಟ ಸಂಕೇತ ಉತ್ಪಾದಿಸುತ್ತವೆ, 3.2.0 ಫಂಕ್ಷನ್ನಿನ ಆರ್ಗ್ಯುಮೆಂಟುಗಳ ಸ್ಥಾನವನ್ನು ತಪ್ಪಾಗಿ ಲೆಕ್ಕಹಾಕುತ್ತದೆ, 3.2ರ ಇತರ ಉಪಆವೃತ್ತಿಗಳು ಜೆಎಫ್‌ಎಫ್‌ಎಸ್2 ಕಡತವ್ಯವಸ್ಥೆಯ ಒಂದು ಭಾಗವನ್ನು ಕೆಡಿಸುತ್ತವೆ ಎಂದು ಒಂದೊಂದಾಗಿ ದಾಖಲಿಸಲಾಗಿತ್ತು. ಶಾಸನದಂತೆ ಓದಬಹುದಾದ ಪಟ್ಟಿ ಅದು. 2014ರ ಅಕ್ಟೋಬರಿನಲ್ಲಿ ಎಆರ್‌ಎಂ ವಿಭಾಗದ ನಿರ್ವಾಹಕ ರಸೆಲ್ ಕಿಂಗ್ ಅದಕ್ಕೆ 4.8.0ಯಿಂದ 4.8.2ರವರೆಗಿನ ಆವೃತ್ತಿಗಳನ್ನು ಸೇರಿಸಿದರು. ಇವು ಕರ್ನೆಲ್‌ನ ಪುಟಸಂಗ್ರಹದಲ್ಲಿ ಹುಡುಕುವ ಫಂಕ್ಷನ್ನೊಂದನ್ನು ತಪ್ಪಾಗಿ ಅನುವಾದಿಸುತ್ತಿದ್ದು, ಎಕ್ಸ್ಟ್3 ಮತ್ತು ಎಕ್ಸ್ಟ್4 ಕಡತವ್ಯವಸ್ಥೆಗಳಲ್ಲಿನ ದತ್ತಾಂಶವೇ ಹಾಳಾಗುವ ಸಂಭವವಿತ್ತು.

ಈ ದೋಷದ ಸ್ವರೂಪವನ್ನು ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ. ಫಂಕ್ಷನ್ನೊಂದು ಓಡುವಾಗ ತನ್ನ ತಾತ್ಕಾಲಿಕ ಮೌಲ್ಯಗಳನ್ನು ಸ್ಟ್ಯಾಕ್ ಎಂಬ ಜಾಗದಲ್ಲಿ ಇಟ್ಟುಕೊಳ್ಳುತ್ತದೆ. ಸ್ಟ್ಯಾಕ್ ಪಾಯಿಂಟರ್ ಎಂಬುದು ಆ ಜಾಗದ ಎಲ್ಲೆಗಲ್ಲು. ಅದರಾಚೆಗಿರುವುದು ಯಾರಿಗೂ ಸೇರದ ನೆಲ. ಕೆಲಸ ಮುಗಿದಾಗ ಎಲ್ಲೆಗಲ್ಲನ್ನು ಹಿಂದಕ್ಕೆ ಸರಿಸಿ ಫಂಕ್ಷನ್ ನಿರ್ಗಮಿಸುತ್ತದೆ. ದೋಷಯುಕ್ತ ಕಂಪೈಲರ್, ವೇಗದ ಆಸೆಯಿಂದ ಆದೇಶಗಳ ಕ್ರಮವನ್ನು ಬದಲಿಸುವಾಗ, ಎಲ್ಲೆಗಲ್ಲನ್ನು ಮೊದಲು ಸರಿಸಿ, ಬಿಟ್ಟುಕೊಟ್ಟ ನೆಲದಿಂದ ಮೌಲ್ಯವನ್ನು ಆಮೇಲೆ ಓದುವಂತೆ ಮಾಡುತ್ತಿತ್ತು. ಎರಡರ ನಡುವೆ ಏನೂ ನಡೆಯದಿದ್ದರೆ ಮೌಲ್ಯ ಅಲ್ಲಿಯೇ ಇರುತ್ತದೆ, ಯಾವ ಬಾಧೆಯೂ ಇಲ್ಲ. ಆದರೆ ಕರ್ನೆಲ್‌ನಲ್ಲಿ ಯಾವ ಕ್ಷಣದಲ್ಲೂ ಇಂಟರಪ್ಟ್ ಬರಬಹುದು. ಜಾಲದ ಕಾರ್ಡೋ ಗಡಿಯಾರವೋ ಪ್ರೊಸೆಸರ್‌ನ ಗಮನ ಸೆಳೆದಾಗ, ಅದನ್ನು ನಿರ್ವಹಿಸುವ ಸಂಕೇತ ಅದೇ ಬಿಡುನೆಲದ ಮೇಲೆ ತನ್ನ ಸಾಮಾನನ್ನು ಹೇರುತ್ತದೆ. ಮರಳಿ ಬಂದ ಫಂಕ್ಷನ್ ಓದುವುದು ಬೇರೆಯವರ ಸಾಮಾನನ್ನು. ಒಂದೆರಡು ಆದೇಶಗಳಷ್ಟೇ ಅಗಲದ ಈ ಕಿಂಡಿಯಲ್ಲಿ ಇಂಟರಪ್ಟ್ ಬಂದು ಬೀಳುವುದು ಅಪರೂಪ. ಆ ಅಪರೂಪತೆಯೇ ದೋಷದ ರಕ್ಷಾಕವಚವಾಗಿ ಪರಿಣಮಿಸುತ್ತದೆ.

ಅದೇ 2014ರ ಜುಲೈನಲ್ಲಿ ಎಕ್ಸ್86 ಪ್ರೊಸೆಸರ್‌ಗಳಲ್ಲಿ ಇದರ ದಾಯಾದಿಯೊಂದು ಪತ್ತೆಯಾಗಿತ್ತು. ಹೊಸದಾಗಿ ಬಂದ ಜಿಸಿಸಿ 4.9.0, ಕರ್ನೆಲ್‌ನ ಕಾರ್ಯಹಂಚಿಕೆಯ 'ಲೋಡ್ ಬ್ಯಾಲೆನ್ಸ್' ಎಂಬ ಫಂಕ್ಷನ್ನಿನ ಪ್ರವೇಶದಲ್ಲೇ, ಎಲ್ಲೆಗಲ್ಲನ್ನು ಮುಂದಕ್ಕೆ ಸರಿಸುವ ಮೊದಲೇ ಆಚೆಯ ನೆಲದಲ್ಲಿ ಮೌಲ್ಯವನ್ನು ಬರೆದಿಡುತ್ತಿತ್ತು. ಬಳಕೆದಾರರ ತಂತ್ರಾಂಶಗಳಲ್ಲಾದರೆ ಎಕ್ಸ್86ರ 64 ಬಿಟ್ ಒಡಂಬಡಿಕೆ ಎಲ್ಲೆಯಾಚೆಗಿನ 128 ಬೈಟ್‌ಗಳನ್ನು ಬಳಸಲು ಅನುಮತಿ ಕೊಡುತ್ತದೆ. ಕರ್ನೆಲ್ ಆ ಅನುಮತಿಯನ್ನು ಸ್ಪಷ್ಟವಾಗಿ ನಿರಾಕರಿಸಿಯೇ ಕಂಪೈಲ್ ಆಗುತ್ತದೆ. ಹೀಗಾಗಿ ಇದು ವ್ಯಾಖ್ಯಾನಭೇದವಲ್ಲ, ನೇರವಾದ ಆಜ್ಞೋಲ್ಲಂಘನೆ. ಲೈನಸ್ ಟೋರ್ವಾಲ್ಡ್ಸ್ ಕಂಪೈಲರ್ ಬಗ್ಗೆ ಆಗ ಆಡಿದ ಕಟುನುಡಿಗಳು ಪ್ರಸಿದ್ಧವಾಗಿವೆ. ಆ ಕಟುನುಡಿಗಳಿಗಿಂತ ಮುಖ್ಯವಾದುದು ಅವರು ಹಿಡಿದ ದಾರಿ. ಕಂಪೈಲರ್ ಹೊರಹಾಕಿದ ಯಂತ್ರಸಂಕೇತವನ್ನು ಅವರು ಸಾಲುಸಾಲಾಗಿ ಓದಿ ದೋಷವನ್ನು ಕಂಡುಹಿಡಿದರು, ಆವೃತ್ತಿಸಂಖ್ಯೆ ನೋಡಿ ಅಲ್ಲ. ದೋಷನಿವಾರಣೆಗೆ ನೆರವಾಗುವ ಡಿಬಗ್ ಮಾಹಿತಿಯನ್ನು ಉತ್ಪಾದಿಸುವಂತೆ ಕೇಳಿದಾಗ ಮಾತ್ರ ಈ ದೋಷ ಹುಟ್ಟುತ್ತಿತ್ತು ಎಂಬುದು ಇದರ ವಿಡಂಬನೆ. ಡಿಬಗ್ ಮಾಹಿತಿ ಇದ್ದರೂ ಇಲ್ಲದಿದ್ದರೂ ಯಂತ್ರಸಂಕೇತ ಒಂದೇ ಆಗಿರಬೇಕೆಂಬುದು ಜಿಸಿಸಿಯ ಸ್ವಂತ ನಿಯಮ. ಎರಡು ಬಗೆಯಲ್ಲೂ ಕಂಪೈಲ್ ಮಾಡಿ ಹೋಲಿಸುವ ಸೌಲಭ್ಯ ಅದರೊಳಗೇ ಇದೆ. ಆದರೆ ದಿನನಿತ್ಯ ಕರ್ನೆಲ್ ಕಟ್ಟುವವರು ಅದನ್ನು ಬಳಸುವುದು ವಿರಳ.

ಕಪ್ಪುಪಟ್ಟಿಯ ನಿಜವಾದ ಸೋಲು ಪ್ರಕಟವಾದದ್ದು 2021ರ ಜನವರಿಯಲ್ಲಿ. ಎಆರ್‌ಎಂ64 ಯಂತ್ರಗಳಲ್ಲಿ ಎಕ್ಸ್ಟ್4 ಕಡತವ್ಯವಸ್ಥೆ ಆಗೊಮ್ಮೆ ಈಗೊಮ್ಮೆ ಚೆಕ್‌ಸಮ್ ತಾಳೆಯಾಗುತ್ತಿಲ್ಲವೆಂದು ದೂರುತ್ತಿತ್ತು. ಡಿಸ್ಕನ್ನು ಪರೀಕ್ಷಿಸಿದರೆ ಎಲ್ಲವೂ ಸರಿ. ದೀರ್ಘಕಾಲದ ಶೋಧನೆಯ ನಂತರ ಇದೇ ರಸೆಲ್ ಕಿಂಗ್ ತಲುಪಿದ ನಿರ್ಣಯ ಚಿರಪರಿಚಿತವಾದುದೇ ಆಗಿತ್ತು. ಚೆಕ್‌ಸಮ್ ಲೆಕ್ಕಹಾಕುವ ಸಂಕೇತದಲ್ಲಿ ಸ್ಟ್ಯಾಕ್‌ನ ಎಲ್ಲೆಯನ್ನು ಮೊದಲು ಹಿಂದಕ್ಕೆ ಸರಿಸಿ, ಫಲಿತಾಂಶವನ್ನು ಆಮೇಲೆ ಓದಲಾಗುತ್ತಿತ್ತು. ಕಂಪೈಲರ್ ಜಿಸಿಸಿ 4.9 ಸರಣಿಯದು. ಅಂದರೆ 32 ಬಿಟ್ ಎಆರ್‌ಎಂನಲ್ಲಿ ಯಾವ ರೋಗಕ್ಕಾಗಿ 4.8ನ್ನು ಹೊರಹಾಕಲಾಗಿತ್ತೋ, ಅದೇ ರೋಗ 64 ಬಿಟ್‌ನಲ್ಲಿ 4.9ರಲ್ಲಿ ಉಳಿದುಕೊಂಡಿತ್ತು. ಜಿಸಿಸಿಯ ದೋಷಪಟ್ಟಿಯಲ್ಲಿ ಇದು 2014ರಲ್ಲೇ ದಾಖಲಾಗಿತ್ತು. ಆರು ವರ್ಷಗಳ ಕಾಲ ಒಂದು ಮನೆಗೆ ತಿಳಿದಿದ್ದ ಸಂಗತಿ ಪಕ್ಕದ ಮನೆಗೆ ತಿಳಿದಿರಲಿಲ್ಲ. ಎಆರ್‌ಎಂ64ಕ್ಕೆ ಬೇಕಾದ ಕನಿಷ್ಠ ಆವೃತ್ತಿಯನ್ನು ಕೂಡಲೇ 5.1ಕ್ಕೆ ಏರಿಸಲಾಯಿತು.

ಇಲ್ಲಿ ಎರಡು ವಿಷಯಗಳನ್ನು ಕಟ್ಟುನಿಟ್ಟಾಗಿ ಹೇಳಬೇಕಾಗಿದೆ. ಮೊದಲನೆಯದು, ಕಪ್ಪುಪಟ್ಟಿ ದಾಖಲಿಸಿದ್ದು ಅಪರಾಧಿಯ ಹೆಸರನ್ನೇ ಹೊರತು ಅಪರಾಧದ ಲಕ್ಷಣವನ್ನಲ್ಲ. ಎಲ್ಲೆ ಸರಿಸಿದ ಮೇಲೆ ಆಚೆಯ ನೆಲವನ್ನು ಮುಟ್ಟುವ ಆದೇಶ ಇದೆಯೇ ಎಂಬ ಪ್ರಶ್ನೆಯನ್ನು ಸಿದ್ಧವಾದ ಸಂಕೇತದ ಮೇಲೆ ಯಾಂತ್ರಿಕವಾಗಿ ಕೇಳುವ ಸಾಧನವೊಂದನ್ನು 2014ರಲ್ಲೇ ರೂಪಿಸಿ, ಎಲ್ಲ ಪ್ರೊಸೆಸರ್‌ಗಳಿಗೂ ಅನ್ವಯಿಸಿದ್ದರೆ 2021ರ ಶೋಧನೆ ಬೇಕಾಗುತ್ತಿರಲಿಲ್ಲವೇನೋ. ಅದು ಸುಲಭದ ಕೆಲಸವೆಂದಲ್ಲ. ರಿಜಿಸ್ಟರ್ ಒಂದು ತೋರುವ ವಿಳಾಸ ಸ್ಟ್ಯಾಕ್‌ನೊಳಗಿನದೇ ಅಲ್ಲವೇ ಎಂಬುದನ್ನು ಆದೇಶದಿಂದ ಆದೇಶಕ್ಕೆ ಹಿಂಬಾಲಿಸಬೇಕು. ಆದರೂ ಫಂಕ್ಷನ್ನಿನ ಕೊನೆಯ ಕೆಲವೇ ಆದೇಶಗಳಿಗೆ ಸೀಮಿತವಾದ ಪರಿಶೀಲನೆ ಅಸಾಧ್ಯವೇನಲ್ಲ. ಎರಡನೆಯದು, ಸಂಖ್ಯೆ ಏರಿದಂತೆ ಗುಣವೂ ಏರುತ್ತದೆಂಬ ಊಹೆ. 2020ರಲ್ಲಿ ಕರ್ನೆಲ್‌ಗೆ ಬೇಕಾದ ಕನಿಷ್ಠ ಜಿಸಿಸಿಯನ್ನು 4.9ಕ್ಕೆ ಏರಿಸಿದಾಗ ಹಳೆಯ ಕಪ್ಪುಪಟ್ಟಿಯವರೆಲ್ಲರೂ ಹೊರನಡೆದರು. ಎಆರ್‌ಎಂ64ರ ಮಟ್ಟಿಗೆ ಬಾಗಿಲಲ್ಲಿ ನಿಂತಿದ್ದವನೇ ದೋಷಿಯಾಗಿದ್ದ. ಹಿಂದೆ 2.6 ಸರಣಿಯಲ್ಲಿಯೂ 4.1.0 ಮತ್ತು 4.1.1 ಎಂಬೆರಡು ಆವೃತ್ತಿಗಳು ದುರ್ಬಲ ಫಂಕ್ಷನ್ನುಗಳೆಂಬ ಸೌಲಭ್ಯವನ್ನು ಕೆಡಿಸುತ್ತಿದ್ದುದರಿಂದ ಅವನ್ನು ಮಾತ್ರ ನಿಷೇಧಿಸಿ, ಅವುಗಳಿಗಿಂತ ಹಳೆಯವನ್ನೂ ಹೊಸವನ್ನೂ ಒಪ್ಪಬೇಕಾಗಿ ಬಂದಿತ್ತು.

ಆವೃತ್ತಿಸಂಖ್ಯೆಯ ಇನ್ನೊಂದು ಕೊರತೆ ವಿತರಕರ ರೂಢಿಯಿಂದ ಬಂದದ್ದು. ವಿತರಕರು ಹಳೆಯ ಕಂಪೈಲರ್‌ಗೆ ಹೊಸದರ ತೇಪೆಯನ್ನು ಹಚ್ಚುತ್ತಾರೆ, ಸಂಖ್ಯೆಯನ್ನು ಹಾಗೆಯೇ ಉಳಿಸಿಕೊಳ್ಳುತ್ತಾರೆ. ಆಗ ಪುಷ್ಪಿಕೆಯಲ್ಲಿ 4.8.2 ಎಂದಿದ್ದರೂ ಸಂಕೇತ ನಿರ್ದುಷ್ಟವಾಗಿರಬಹುದು. ಇದಕ್ಕೆ ಪ್ರತಿಯಾಗಿ ನಡತೆಯನ್ನೇ ಪರೀಕ್ಷಿಸುವ ಚಿಕ್ಕ ಪರಂಪರೆಯೊಂದು ಕರ್ನೆಲ್‌ನೊಳಗೆ ಬೆಳೆದಿದೆ. ಸ್ಟ್ಯಾಕ್ ರಕ್ಷಣೆಯ ಸೌಲಭ್ಯ ಸರಿಯಿದೆಯೇ ಎಂದು ತಿಳಿಯಲು, 200 ಅಕ್ಷರಗಳ ಒಂದು ಸರಣಿಯುಳ್ಳ ಎರಡು ಸಾಲಿನ ಫಂಕ್ಷನ್ನನ್ನು ಕಂಪೈಲರ್‌ಗೆ ಕೊಟ್ಟು, ಹೊರಬಂದ ಸಂಕೇತದಲ್ಲಿ ನಿರೀಕ್ಷಿತ ರಿಜಿಸ್ಟರ್‌ನ ಹೆಸರಿದೆಯೇ ಎಂದು ಹುಡುಕುವ ಪುಟ್ಟ ಸ್ಕ್ರಿಪ್ಟು ಇದಕ್ಕೆ ಉದಾಹರಣೆ. 2016ರ 4.6 ಆವೃತ್ತಿಯೊಡನೆ ಬಂದ 'ಆಬ್ಜ್‌ಟೂಲ್' ಇದಕ್ಕಿಂತ ಮುಂದೆ ಹೋಗಿ, ಕಂಪೈಲರ್ ಸಿದ್ಧಪಡಿಸಿದ ಪ್ರತಿಯೊಂದು ಕಡತದ ಆದೇಶಗಳನ್ನು ಹಿಂಬಾಲಿಸಿ ಸ್ಟ್ಯಾಕ್‌ನ ಶಿಸ್ತನ್ನು ತಪಾಸಣೆ ಮಾಡತೊಡಗಿತು. ಪತ್ತೆಯ ಶಾಸ್ತ್ರಕ್ಕೆ ಕರ್ನೆಲ್ ಕೊಟ್ಟ ಕೊಡುಗೆಗಳಲ್ಲಿ ಇದನ್ನೇ ಅತ್ಯಂತ ಮೌಲಿಕವಾದುದೆಂದು ಪರಿಗಣಿಸಬೇಕು.

ದೋಷ ಕಂಪೈಲರ್‌ನದೋ ಬರೆದವನದೋ ಎಂಬುದು ಸದಾ ಸ್ಪಷ್ಟವಾಗಿರುವುದಿಲ್ಲ. 2009ರಲ್ಲಿ ಬೆಳಕಿಗೆ ಬಂದ 'ಟನ್' ಎಂಬ ಜಾಲಸಾಧನದ ಪ್ರಸಂಗ ಇದಕ್ಕೆ ನಿದರ್ಶನ. ಅಲ್ಲಿ ಪಾಯಿಂಟರ್ ಒಂದನ್ನು ಮೊದಲು ಬಳಸಿ, ಅದು ಶೂನ್ಯವೇ ಎಂದು ನಂತರ ಪರೀಕ್ಷಿಸಲಾಗಿತ್ತು. ಬಳಸಿಯಾಗಿದೆ ಎಂದ ಮೇಲೆ ಅದು ಶೂನ್ಯವಾಗಿರಲಾರದು ಎಂದು ತರ್ಕಿಸಿದ ಕಂಪೈಲರ್ ಆ ಪರೀಕ್ಷೆಯನ್ನೇ ಅಳಿಸಿಹಾಕಿತು. ಭಾಷೆಯ ನಿಯಮದ ಪ್ರಕಾರ ಅದರ ತರ್ಕ ಸರಿ. ಪರಿಣಾಮವಾಗಿ, ಸಾಮಾನ್ಯ ಬಳಕೆದಾರನೊಬ್ಬ ಯಂತ್ರದ ಪೂರ್ಣಾಧಿಕಾರ ಪಡೆಯಬಹುದಾದ ರಂಧ್ರ ತೆರೆದುಕೊಂಡಿತು. ಮುಂದೆ ಇಂತಹ ಅಳಿಸುವಿಕೆಯನ್ನು ನಿಷೇಧಿಸುವ ಸೂಚನೆಯೊಡನೆಯೇ ಕರ್ನೆಲ್ ಕಂಪೈಲ್ ಆಗತೊಡಗಿತು. ಈ ಬಗೆಯ ಕರ್ನೆಲ್ ಅನ್ನು ಪತ್ತೆಹಚ್ಚಲು ಪುಷ್ಪಿಕೆ ನಿಷ್ಪ್ರಯೋಜಕ, ಏಕೆಂದರೆ ಅದರಲ್ಲಿ ಕಂಪೈಲರ್‌ನ ಹೆಸರಿರುತ್ತದೆ, ಅದಕ್ಕೆ ಕೊಟ್ಟ ಸೂಚನೆಗಳಿರುವುದಿಲ್ಲ. ಡಿಬಗ್ ಮಾಹಿತಿಯಲ್ಲಿ ಅವು ದಾಖಲಾಗಿರಬಹುದು. ಆದರೆ ವಿತರಣೆಯ ಪ್ರತಿಗಳಿಂದ ಆ ಮಾಹಿತಿಯನ್ನು ಸಾಮಾನ್ಯವಾಗಿ ಕಿತ್ತುಹಾಕಲಾಗಿರುತ್ತದೆ.

2018ರ ಆರಂಭದ ಸ್ಪೆಕ್ಟರ್ ಪ್ರಕರಣ ಮತ್ತೊಂದು ಅರ್ಥವನ್ನು ತಂದಿತು. ಅಲ್ಲಿ ಕಂಪೈಲರ್ ತಪ್ಪು ಮಾಡಿರಲಿಲ್ಲ. ಪ್ರೊಸೆಸರ್‌ನ ಊಹಾತ್ಮಕ ಓಟದಿಂದ ರಹಸ್ಯ ಸೋರದಂತೆ ಪರೋಕ್ಷ ಜಿಗಿತಗಳನ್ನು 'ರೆಟ್‌ಪೊಲಿನ್' ಎಂಬ ರೂಪದಲ್ಲಿ ಬರೆಯುವ ವಿದ್ಯೆ ಹಳೆಯ ಕಂಪೈಲರ್‌ಗೆ ಗೊತ್ತಿರಲಿಲ್ಲ ಅಷ್ಟೆ. ಆ ವರ್ಷದ ಜನವರಿಯಲ್ಲಿ ಬಂದ ಜಿಸಿಸಿ 7.3 ಅದನ್ನು ಕಲಿತಿತ್ತು. ಅದಿಲ್ಲದೆ ಕಟ್ಟಲ್ಪಟ್ಟ ಕರ್ನೆಲ್ ತನ್ನ ಸ್ಥಿತಿಯನ್ನು ತಾನೇ ಹೇಳಿಕೊಳ್ಳುವಂತೆ ವ್ಯವಸ್ಥೆ ಮಾಡಲಾಯಿತು: ರಕ್ಷಣೆ ಕನಿಷ್ಠ ಮಟ್ಟದ್ದು, ಯಂತ್ರ ಅಪಾಯಕ್ಕೆ ತೆರೆದಿದೆ ಎಂಬ ಸಾಲು 'ಸಿಸ್' ಕಡತವ್ಯವಸ್ಥೆಯಲ್ಲಿ ಕಾಣಿಸುತ್ತಿತ್ತು. ಹೊರಗಿನಿಂದ ಸೇರುವ ಮಾಡ್ಯೂಲ್‌ಗಳಲ್ಲೂ ಇದೇ ಬಗೆಯ ಗುರುತನ್ನು ಹುಡುಕಿ, ಇಲ್ಲವಾದರೆ ಎಚ್ಚರಿಸಲಾಗುತ್ತಿತ್ತು. 2.6ರ ಆರಂಭದ ದಿನಗಳಲ್ಲಿ ಮಾಡ್ಯೂಲ್‌ನ ಮುದ್ರೆಯಲ್ಲಿ ಕಂಪೈಲರ್‌ನ ಆವೃತ್ತಿಯೂ ಸೇರಿರುತ್ತಿತ್ತು, ಮುಂದೆ ಅದನ್ನು ಕೈಬಿಡಲಾಗಿತ್ತು. ಸ್ಪೆಕ್ಟರ್‌ನ ಗುರುತು ಆ ಹಳೆಯ ಪದ್ಧತಿಗಿಂತ ವಿವೇಕದ್ದು, ಅದು ಹೆಸರನ್ನಲ್ಲ, ಸಾಮರ್ಥ್ಯವನ್ನು ಕೇಳುತ್ತದೆ. ಆದರೂ ಗುರುತು ಗುರುತೇ. ಕಟ್ಟುವಾಗ ಅಂಟಿಸಿದ ಚೀಟಿಯನ್ನು ಅದು ಓದುತ್ತದೆ, ಒಳಗಿನ ಜಿಗಿತಗಳನ್ನು ಎಣಿಸುವುದಿಲ್ಲ.

ಚೀಟಿಯನ್ನು ಬರೆಯುವವನೇ ಸುಳ್ಳುಗಾರನಾಗಿದ್ದರೆ? ಕೆನ್ ಥಾಂಪ್ಸನ್ ತಮ್ಮ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ, 1984ರಲ್ಲಿ ಅಚ್ಚಾದ ರೂಪದಲ್ಲಿ, ಎತ್ತಿದ ಪ್ರಶ್ನೆ ಇದು. ಲಾಗಿನ್ ತಂತ್ರಾಂಶವನ್ನು ಕಂಪೈಲ್ ಮಾಡುವಾಗ ಗುಪ್ತದ್ವಾರವನ್ನೂ, ಕಂಪೈಲರ್ ತನ್ನನ್ನೇ ಕಂಪೈಲ್ ಮಾಡುವಾಗ ಈ ಕುತಂತ್ರವನ್ನೂ ಸೇರಿಸುವ ಕಂಪೈಲರ್‌ನ ಮೂಲಸಂಕೇತದಲ್ಲಿ ಯಾವ ಕುರುಹೂ ಉಳಿಯುವುದಿಲ್ಲವೆಂದು ಅವರು ತೋರಿಸಿದರು. ಮಲ್ಟಿಕ್ಸ್ ವ್ಯವಸ್ಥೆಯನ್ನು ಕುರಿತ 1974ರ ಕಾರ್ಗರ್ ಮತ್ತು ಶೆಲ್ ಅವರ ವರದಿಯಲ್ಲೇ ಈ ಸಾಧ್ಯತೆಯ ಸೂಚನೆಯಿತ್ತು. ಡೇವಿಡ್ ವೀಲರ್ 2005ರಲ್ಲಿ ಮಂಡಿಸಿ 2009ರ ತಮ್ಮ ಮಹಾಪ್ರಬಂಧದಲ್ಲಿ ವಿಸ್ತರಿಸಿದ ಉತ್ತರ ಪಾಠಾಂತರಗಳ ತುಲನೆಯನ್ನು ಹೋಲುತ್ತದೆ. ಶಂಕಿತ ಕಂಪೈಲರ್‌ನ ಮೂಲಸಂಕೇತವನ್ನು ಅದಕ್ಕೆ ಸಂಬಂಧವಿಲ್ಲದ ಇನ್ನೊಂದು ಕಂಪೈಲರ್‌ನಿಂದ ಅನುವಾದಿಸಿ, ಹಾಗೆ ಹುಟ್ಟಿದ್ದರಿಂದ ಅದನ್ನೇ ಮತ್ತೊಮ್ಮೆ ಅನುವಾದಿಸಿ, ಕೊನೆಯ ಫಲವನ್ನು ಶಂಕಿತನೊಡನೆ ಬಿಟ್ ಬಿಟ್ಟಾಗಿ ತಾಳೆ ನೋಡುವುದು ಅವರ ವಿಧಾನ. ಇಂತಹ ತಾಳೆಗೆ ಕರ್ನೆಲ್‌ನ ಪುಷ್ಪಿಕೆಯೇ ಅಡ್ಡಿಯಾಗುತ್ತದೆ ಎಂಬುದು ಸ್ವಾರಸ್ಯಕರ. ಅದರಲ್ಲಿರುವ ದಿನಾಂಕ ಮತ್ತು ಯಂತ್ರದ ಹೆಸರುಗಳಿಂದಾಗಿ ಒಂದೇ ಸಂಕೇತದಿಂದ ಎರಡು ಬಾರಿ ಕಟ್ಟಿದ ಕರ್ನೆಲ್‌ಗಳೂ ಒಂದೇ ಆಗಿರುವುದಿಲ್ಲ. ಅವನ್ನು ಹೊರಗಿನಿಂದ ಸ್ಥಿರಗೊಳಿಸಿದ ಮೇಲಷ್ಟೇ ಹೋಲಿಕೆಗೆ ಅರ್ಥ ಬರುತ್ತದೆ.

ದೋಷವನ್ನು ಹುಡುಕುವ ಬದಲು ನಿರ್ದೋಷಿತ್ವವನ್ನು ಸಾಧಿಸುವ ಮಾರ್ಗವೂ ಇದೆ. ಸೆಲ್4 ಎಂಬ ಕಿರು ಕರ್ನೆಲ್‌ನ ಸುಮಾರು 9,500 ಸಾಲುಗಳ ಸಿ ಸಂಕೇತಕ್ಕೂ, ಮಾರ್ಪಡಿಸದ ಜಿಸಿಸಿ 4.5.1 ಅದರಿಂದ ತಯಾರಿಸಿದ ಯಂತ್ರಸಂಕೇತಕ್ಕೂ ಅರ್ಥಸಾಮ್ಯವಿದೆಯೆಂದು ಸೀವೆಲ್, ಮೈರೀನ್ ಮತ್ತು ಕ್ಲೈನ್ 2013ರಲ್ಲಿ ಗಣಿತೀಯವಾಗಿ ತೋರಿಸಿದರು. ಇಲ್ಲಿ ಕಂಪೈಲರ್ ಒಳ್ಳೆಯದೋ ಕೆಟ್ಟದೋ ಎಂಬ ಪ್ರಶ್ನೆಯೇ ಬಿದ್ದುಹೋಗುತ್ತದೆ, ಈ ಒಂದು ಸಲ ಅದು ಮಾಡಿದ ಕೆಲಸ ಸರಿಯೇ ಎಂಬುದಷ್ಟೇ ಉಳಿಯುತ್ತದೆ. ಆದರೆ ಆ ಸಾಧನೆಯಲ್ಲೂ ಪೂರ್ಣ ಯಶಸ್ಸು ದೊರೆತದ್ದು ಕಂಪೈಲರ್‌ನ ಮೊದಲ ಹಂತದ ವೇಗವರ್ಧನೆಗೆ. ಎರಡನೆಯ ಹಂತದಲ್ಲಿ ಬಹುಭಾಗ ಮಾತ್ರ ಒಲಿಯಿತು. ಕೋಟ್ಯಂತರ ಸಾಲುಗಳ ಲಿನಕ್ಸ್‌ಗೆ ಇದನ್ನು ವಿಸ್ತರಿಸುವ ಮಾತು ಸದ್ಯಕ್ಕೆ ದೂರದ್ದು.

ಲಿನಕ್ಸ್‌ನ ಹೊಸ ಆವೃತ್ತಿಗಳ ಮಟ್ಟಿಗೆ, 2021ರಲ್ಲಿ 5.15 ಎಲ್ಲ ಪ್ರೊಸೆಸರ್‌ಗಳಿಗೂ ಕನಿಷ್ಠ ಜಿಸಿಸಿಯನ್ನು 5.1ಕ್ಕೆ ಏರಿಸಿದ್ದರಿಂದ, ಇಲ್ಲಿ ಚರ್ಚಿಸಿದ ದೋಷಗಳಲ್ಲಿ ಹೆಚ್ಚಿನವು ಚರಿತ್ರೆಗೆ ಸೇರಿವೆ. ರೂಟರ್, ಸಂಗ್ರಹಸಾಧನ, ಕೈಗಾರಿಕಾ ನಿಯಂತ್ರಕಗಳಲ್ಲಿ ಒಮ್ಮೆ ಹಾಕಿ ಮರೆತುಬಿಡುವ ಕರ್ನೆಲ್‌ಗಳ ಸ್ಥಿತಿ ಬೇರೆ. ಅಂತಹ ಸಾಧನದಲ್ಲಿ ಎಕ್ಸ್ಟ್4ರ ಚೆಕ್‌ಸಮ್ ತಾಳೆತಪ್ಪಿದಾಗ ತಂತ್ರಜ್ಞ ಸಾಮಾನ್ಯವಾಗಿ ಡಿಸ್ಕನ್ನು ಬದಲಿಸುತ್ತಾನೆ. ಅವನು ಮಾಡಬೇಕಾದದ್ದು ಬೇರೆ. ಪ್ರತಿಯನ್ನು ಬಿಡಿಸಿ ಪುಷ್ಪಿಕೆಯನ್ನು ಓದಬೇಕು. ಅಲ್ಲಿ ಜಿಸಿಸಿ 4.9 ಎಂದಿದ್ದರೆ ಅದನ್ನು ತೀರ್ಪೆಂದು ಭಾವಿಸದೆ ಸಂಶಯದ ಕಾರಣವೆಂದಷ್ಟೇ ಇಟ್ಟುಕೊಳ್ಳಬೇಕು, ತಯಾರಕರು ತೇಪೆ ಹಚ್ಚಿರಬಹುದು. ಬಳಿಕ ಚೆಕ್‌ಸಮ್ ಲೆಕ್ಕಹಾಕುವ ಸಂಕೇತವನ್ನು ಯಂತ್ರಭಾಷೆಯಲ್ಲಿ ತೆರೆದು, ಫಂಕ್ಷನ್ನಿನ ಕೊನೆಯಲ್ಲಿ ಫಲಿತಾಂಶವನ್ನು ಓದುವ ಆದೇಶವು ಸ್ಟ್ಯಾಕ್ ಪಾಯಿಂಟರ್ ಅನ್ನು ಮರಳಿಸುವ ಆದೇಶಕ್ಕಿಂತ ಮೇಲಿದೆಯೇ ಕೆಳಗಿದೆಯೇ ಎಂದು ನೋಡಬೇಕು.